ಸುಂಕದವರ ಮುಂದೆ

ಡೀಸೆಲ್ ಹಾಕಿ ಆಗಿತ್ತು. ಅದೇ ತಪ್ಪಾಗಿದ್ದು.
ನಲವತ್ತೇಳು ಲೀಟರು.
ಸೊನ್ನೆ ನೋಡಿ ಅಂತ ಮೊದಲೇ ತೋರಿಸಿದ್ದೆ,
ಆಕೆ ಸೊನ್ನೆ ನೋಡಿ ತಲೆ ಆಡಿಸಿದ್ದಳು.
ಸೊನ್ನೆ ಎಲ್ಲಾ ದೇಶದಲ್ಲೂ ಸೊನ್ನೆಯೇ ಅಂತ ಕಾಣುತ್ತೆ.

ಹಾನಗಲ್ ಕ್ರಾಸು, ರಾತ್ರಿ ಹತ್ತೂವರೆ.
ಬಳ್ಳಾರಿ ಕಡೆಯಿಂದ ಕೆಂಪು ಧೂಳಿನ ಲಾರಿ,
ರಾಯದುರ್ಗದ ಕಡೆಯಿಂದ ಡಬ್ಬ ಕಟ್ಟಿಕೊಂಡ ಬೈಕು.
ಗಡಿ ದಾಟಿದರೆ ಲೀಟರಿಗೆ ಅಷ್ಟೋ ಇಷ್ಟೋ ಉಳಿಯುತ್ತೆ,
ಅದಕ್ಕೇ ಧಣಿ ದರದ ಬೋರ್ಡನ್ನು ತೆಲುಗಲ್ಲೂ ಬರೆಸಿದ್ದಾನೆ.
ಇವುಗಳ ನಡುವೆ ಈ ವ್ಯಾನು,
ಬೆನ್ನ ಮೇಲೆ ದಾಟಿ ಬಂದ ದೇಶಗಳ ಬಾವುಟ.
ಎಣಿಸಿದೆ: ಹದಿನಾಲ್ಕು. ಒಂದು ಅರ್ಧ ಕಿತ್ತುಹೋಗಿತ್ತು.

ಮೆಷಿನ್ನು ಕಾರ್ಡನ್ನು ನುಂಗಿತು, ಯೋಚಿಸಿತು, ಬೇಡ ಅಂದಿತು.
ಸೆರಗಿಗೆ ಉಜ್ಜಿ ಹಾಕಿದೆ. ಬೇಡ.
ನೀಲಿ ಕಾರ್ಡು ಹಾಕಿದೆ. ಬೇಡ.
ಗಾಳಿ ಹಿಡಿಯುವ ಪಂಪಿನ ಹತ್ತಿರ ಸಿಗ್ನಲ್ ಚೆನ್ನಾಗಿದೆ ಅಂತ
ಅಲ್ಲಿಗೆ ಹೋಗಿ, ಮಂಗಳಾರತಿ ಎತ್ತಿದ ಹಾಗೆ ಎತ್ತಿ ಹಿಡಿದೆ.
ಬೇಡ.

ಹಾಕಿದ ಎಣ್ಣೆ ಹೀರಿ ತೆಗೆಯುವ ಹಾಗಿಲ್ಲ.
ಕಮ್ಮಿ ಬಿದ್ದರೆ ನನ್ನ ಹತ್ತು ದಿನದ ಕೂಲಿ.
ಆಕೆ ಬಿಸ್ಕತ್ತಿನ ಡಬ್ಬ ತೆರೆದಳು,
ಹದಿನಾಲ್ಕು ದೇಶದ ಚಿಲ್ಲರೆ, ಒಂದು ಟೀಗೂ ಆಗದ್ದು.
ಆಮೇಲೆ ಮಾತು ಶುರು ಮಾಡಿದಳು, ನಿಲ್ಲಿಸಲೇ ಇಲ್ಲ.
ಒಂದಕ್ಷರ ತಿಳಿಯಲಿಲ್ಲ, ಪೂರ್ತಿ ಅರ್ಥವಾಯಿತು.
ಸುಂಕದವರ ಮುಂದೆ ಸುಖದುಃಖ ಅಂತಾರಲ್ಲ,
ನನ್ನ ಹೆಸರೂ ಸುಂಕಮ್ಮ.

ನಾನೂ ಕಾರ್ಡು ಹಿಡಿದೇ ಗಡಿ ದಾಟಿದವಳು.
ತವರು ಆಚೆ, ಗಂಡನ ಮನೆ ಈಚೆ,
ನಡುವೆ ಒಂದು ಬಸ್ ಟಿಕೆಟ್ಟು.
ಸೊಸೈಟಿ ಪಂಪಣ್ಣ ತಿರುಗಿಸಿ ಮುರುಗಿಸಿ ನೋಡಿ
ಇದು ಆಚೆ ಕಾರ್ಡು, ಇಲ್ಲಿ ನಡೆಯಲ್ಲಮ್ಮ ಅಂದ.
ಅಲ್ಲಿ ಹೆಸರು ತೆಗೆಸಿ ಬಾ ಅಂದರು ಇಲ್ಲಿ,
ಇಲ್ಲಿ ಸೇರಿಸಿದ ಕಾಗದ ತಾ ಅಂದರು ಅಲ್ಲಿ.
ಹದಿನೈದು ತಿಂಗಳು
ಎರಡು ರಾಜ್ಯದ ಲೆಕ್ಕದಲ್ಲೂ ನಾನು ಉಣ್ಣದವಳು.
ಮಗಳು ಹುಟ್ಟಿದ್ದು ಆ ಹದಿನೈದರಲ್ಲೇ.

ಖಾಜಾಪೀರಣ್ಣ ಲುಂಗಿ ಬಿಗಿದುಕೊಂಡು ಎದ್ದು ಬಂದ.
ಅವನ ಇಂಗ್ಲಿಷು ಡ್ರೈವರಿಕೆಯದು, ಆದರೂ ದಾರಿ ಗೊತ್ತು.
ಬ್ಯಾಂಕು ಕೇಳ್ತಿದೆಯಂತೆ, ಕಾರ್ಡು ಉಜ್ಜಿದ್ದು ನೀನೇನಾ ಅಂತ.
ಕೇಳಿದ್ದು ಊರಿನ ನಂಬರಿಗೆ.
ಊರಿನ ಸಿಮ್ಮು ಸಕ್ಕರೆ ಡಬ್ಬಿಯ ಮುಚ್ಚಳದೊಳಗೆ, ಟೇಪು ಹಚ್ಚಿ.
ಫೋನು ಬಿಚ್ಚೋಕೆ ಪಿನ್ ಬೇಕಂತೆ ಸುಂಕಮ್ಮ.

ನಾಲ್ಕಂಕಿಯ ಪಿನ್ನು ಆಕೆಗೆ ಬಾಯಿಪಾಠ.
ಈ ಪಿನ್ನು ಇರಲಿಲ್ಲ.
ಕಂಪನಿ ಅಂಗಿಯೊಳಗೆ ಕೈ ಹಾಕಿ
ಸೆರಗಿನದ್ದು ಬಿಚ್ಚಿ ಕೊಟ್ಟೆ.

ಫೋನು ಸತ್ತು ಹುಟ್ಟಿತು.
ಸುಮಾರು ಹೊತ್ತು ಸುಮ್ಮನಿದ್ದು, ಒಮ್ಮೆ ಗುರ್ ಅಂದಿತು.
ಆಕೆ ಹೆಬ್ಬೆರಳಲ್ಲಿ ಒಂದೇ ಒಂದು ಅಕ್ಷರ ಒತ್ತಿದಳು.
ಏನು ಬರೆದಳಣ್ಣ?
ಹೌದು, ನಾನೇ ಅಂತ.
ಅಷ್ಟೇನಾ?

ನನಗೆ ಆ ಮಾತು ಹೇಳೋಕೆ
ಗಂಡ ಬೇಕಾಯಿತು, ಮಾವ ಬೇಕಾದ,
ಸೀಲು ಬೇಕಾಯಿತು, ಸೀಲಿನವನಿಗೆ ಮುನ್ನೂರು ಬೇಕಾಯಿತು.

ಚೀಟಿ ಚುರುಚುರು ಅಂತ ಹೊರಬಂತು.
ಆಕೆ ನನ್ನ ಕೈ ಹಿಡಿದು ಕುಲುಕಿದಳು, ಡೀಸೆಲ್ ವಾಸನೆಯ ಕೈ.
ಡಬ್ಬದಿಂದ ಹುಡುಕಿ
ನಡುವೆ ತೂತಿರುವ ಒಂದು ಬಿಲ್ಲೆ ಕೊಟ್ಟಳು.
ನಮ್ಮಜ್ಜಿಯ ಉಡಿದಾರದಲ್ಲಿ ಇಂಥದ್ದೇ ಇತ್ತು, ತೂತಿನ ಕಾಸು.
ಯಾವ ದೇಶದ್ದು ಅಂತ ಕೇಳಲಿಲ್ಲ.

ವ್ಯಾನು ಹಿರಿಯೂರಿನ ದಾರಿ ಹಿಡಿದ ಮೇಲೆ
ಹೆಗಲು ಜಾರಿತು. ಪಿನ್ನು ಆಕೆಯ ಹತ್ತಿರವೇ ಉಳಿದಿತ್ತು.

ಅಷ್ಟರಲ್ಲಿ ರಾಯದುರ್ಗದ ಬೈಕು,
ಅಕ್ಕಾ, ರೆಂಡು ಲೀಟರ್ಲು.
ಸೆರಗು ಕಂಕುಳಲ್ಲಿ ಅವುಚಿ ಪೈಪು ಎತ್ತಿಕೊಂಡೆ.
ಸುನ್ನ ಚೂಡಯ್ಯಾ, ಅಂದೆ.