ಹನಿ ಹಾಕುವವನು

ಹೆಕ್ಸಮ್ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ
ನನ್ನ ಕೆಲಸ ಹನಿ ಹಾಕುವುದು,
ಹಾಕಿ, ಇಪ್ಪತ್ತು ನಿಮಿಷ ಕಾಯಿರಿ ಅನ್ನುವುದು.
ಇವತ್ತು ಮೂರನೇ ಕುರ್ಚಿಯಲ್ಲಿ ಮಿಸ್ ಥರ್ಲ್‌ವೆಲ್.
ಎಂಬತ್ತಾರು ವರ್ಷ, ಹಸಿರು ಕೋಟು,
ಕೈಚೀಲದ ಬಾಯಿಗೆ ಪೆಪ್ಪರ್‌ಮಿಂಟಿನ ವಾಸನೆ.

ಅವರ ಲ್ಯಾಟಿನ್ ತರಗತಿಯಲ್ಲಿ
ಎರಡು ವರ್ಷ ಕಿಟಕಿ ನೋಡಿದವನು ನಾನು.
ನೂರಕ್ಕೆ ಹನ್ನೊಂದು.

"ಪೇಶೆಂಟ್ ಅಂದರೆ ಏನು, ಡಾಡ್ಸ್?"
ದನಿಯಲ್ಲೇ ಗುರುತು ಹಿಡಿದಿದ್ದರು.
"ರೋಗಿ, ಮಿಸ್."
"ಅಲ್ಲ. ಸಹಿಸುವವನು. ಅದಕ್ಕೇ ನನ್ನನ್ನಿಲ್ಲಿ
ಒಂಬತ್ತೂವರೆಯಿಂದ ಕೂರಿಸಿದ್ದೀರಿ."

ಆಗಲೂ ಹೀಗೇ. ಪಾಠಕ್ಕಿಂತ ಪದ ಬಿಚ್ಚುವುದೇ ಇಷ್ಟ,
ಬಟಾಣಿ ಸುಲಿದ ಹಾಗೆ, ಮಡಿಲ ತುಂಬ ಸಿಪ್ಪೆ.
ರಗ್ಬಿ ಹುಡುಗರು ತೋಳು ಉಬ್ಬಿಸಿದರೆ,
"ಮಸಲ್ ಅಂದರೆ ಇಲಿಮರಿ ಕಣ್ರೋ,
ಚರ್ಮದ ಕೆಳಗೆ ಓಡುತ್ತೆ ನೋಡಿ."
ಆ ವಾರವಿಡೀ ನಮ್ಮ ಕ್ಯಾಪ್ಟನ್ನಿಗೆ ಇಲಿಯೆಂದೇ ಹೆಸರು.

ಕುರಿಗಳ ನೀರಿಗೆ, ಒಂದು ಹಳ್ಳಕ್ಕಾಗಿ,
ಅಪ್ಪನೂ ಪಕ್ಕದ ಫಾರ್ಮಿನ ಹೆಡ್ಲಿಯೂ ಮಾತುಬಿಟ್ಟ ವರ್ಷ
ರೈವಲ್ ಅಂದರೆ ಹೊಡೆದಾಡುವವನು ಅಂತ ಬರೆದಿದ್ದೆ.
ಕೆಂಪು ಶಾಯಿಯಲ್ಲಿ ಉತ್ತರ:
ಒಂದೇ ಹಳ್ಳದ ನೀರು ಬಳಸುವವನು.
ಮನೆಯಲ್ಲಿ ತೋರಿಸಲಿಲ್ಲ.
ತೋರಿಸಬೇಕಿತ್ತೇನೋ. ಈಗ ಇಬ್ಬರೂ
ಚರ್ಚಿನ ಹಿಂದೆ ಮಲಗಿದ್ದಾರೆ, ನಡುವೆ ಒಂದು ಯೂ ಮರ.

"ಕ್ಯಾಟರ್ಯಾಕ್ಟಂತೆ," ಅಂದರು ಮಿಸ್.
"ಅಂದರೆ ಜಲಪಾತ. ನಿಜಕ್ಕೂ ಗ್ರೀಕರ ಮಾತು,
ಲ್ಯಾಟಿನ್ನು ಕಡ ತಂದು ಹಿಂದೆ ಕೊಡಲೇ ಇಲ್ಲ,
ಪಕ್ಕದ ಮನೆಯ ಸಕ್ಕರೆ ಬಟ್ಟಲಿನ ಹಾಗೆ.
ಡಾಕ್ಟರಿಗೆ ಹೇಳಿದೆ. ಹೂಂ ಅಂದು
ಕಂಪ್ಯೂಟರಿನ ಕಡೆ ತಿರುಗಿದ."
ನಕ್ಕರು. ಆಮೇಲೆ, ಮೆಲ್ಲಗೆ:
"ನೀರಿನ ಹಿಂದೆ ನಿಂತ ಹಾಗೇ ಕಾಣುತ್ತೆ, ಡಾಡ್ಸ್.
ನಿಘಂಟಿನ ಅಕ್ಷರವೆಲ್ಲ ಒದ್ದೆ."

ಕೆಳರೆಪ್ಪೆ ಎಳೆದು ಹಿಡಿದೆ. ಒಂದು ಹನಿ. ಇನ್ನೊಂದು.
ಪಾಪೆ ಹಿಗ್ಗತೊಡಗಿತು
ನೀಲಿಯನ್ನು ಅಂಚಿಗೆ ತಳ್ಳುತ್ತ.
ಬಾಗಿ ನೋಡಿದರೆ, ಅದರೊಳಗೆ
ಮಾಸ್ಕು ತೊಟ್ಟ ಬೋಳುತಲೆಯವನೊಬ್ಬ,
ಗುಂಡುಸೂಜಿಯ ತಲೆಯಷ್ಟು.

"ಪ್ಯೂಪಿಲ್," ಅಂದೆ, ಅವರು ಕೇಳುವ ಮೊದಲೇ.
"ಗೊಂಬೆ. ಪುಟ್ಟ ಗೊಂಬೆ.
ಎದುರಿನವರ ಕಣ್ಣಲ್ಲಿ ನಮಗೆ ಕಾಣುವುದು."
"ಮತ್ತೆ?" ಬಿಡಲಿಲ್ಲ.
"ಮತ್ತೆ, ಅಪ್ಪ ಅಮ್ಮ ಇಲ್ಲದ ಮಗು.
ಇನ್ನೊಬ್ಬರು ನೋಡಿಕೊಳ್ಳುವಂಥದ್ದು."

"ಇದ್ದಾನಾ ಒಳಗೆ?"
"ಇದ್ದಾನೆ, ಮಿಸ್."
"ಅಲ್ಲಾಡಬೇಡ ಅನ್ನು ಅವನಿಗೆ.
ಕಿಟಕಿ ನೋಡಬೇಡ ಅನ್ನು."

ಚೀಟಿಯಲ್ಲಿ ಹೊತ್ತು ಬರೆದೆ. ಇಪ್ಪತ್ತು ನಿಮಿಷ.
ನಾಲ್ಕನೇ ಕುರ್ಚಿಯವರು ಕೆಮ್ಮಿದರು.