ನೀರುನಾಯಿಯ ಕನ್ನಡ

ಪಾಲಿಶ್ ಮಾಡಿದ ಫರಸಿ ಮ್ಯಾಲ
ಹೊಟ್ಟಿ ಹಚ್ಚಿ ಮಲಗ್ಯಾಳ ಭಾಗು.
ಚರಿಗಿಗೆ ಆನಿಸಿಟ್ಟ ಫೋನಿನಾಗ
ಕಾರ್ಟೂನ್ ಸಿನೆಮಾ. ಎಲ್ಲಾ ಇಂಗ್ಲಿಷು.
"ಅಪ್ಪಾ, ಅದು ಏನಂತದ ಹೇಳು."

ನನಗೆಲ್ಲಿಂದು ಇಂಗ್ಲಿಷು?
ಶಹಾಬಾದಿನ ಮಶೀನಿನಾಗ ಕಲ್ಲು ಕೊಯ್ಯಾಂವ,
ದಿನಾ ಆ ಸದ್ದು ಕೇಳಿ ಕೇಳಿ
ಕನ್ನಡನೇ ಅರ್ಧ ಕೇಳಸ್ತದ.
ಆದರೂ ಹೇಳ್ತೀನಿ. ತುಟಿ ಅಲ್ಲಾಡಿದಾಗೆಲ್ಲ
ಒಂದು ಮಾತು ತುರುಕತೀನಿ ಅದರ ಬಾಯಾಗ.

ಏಡಿಗೆ ನಮ್ಮ ಮುಕಾದಮನ ದನಿ ಕೊಟ್ಟೀನಿ:
"ಏ, ಮೊದಲು ಹಾಜರಿ ಹಾಕೊ!"
ಮುದಿ ಆಮಿಗೆ, ವಾಡಿ ಜಂಕ್ಷನ್ನಿನಾಗ ಚಹಾ ಮಾರೋ
ಖಾಸಿಂಸಾಬನ ಕೆಮ್ಮು.
ತಾಯಿ ನೀರುನಾಯಿಗೆ ಮಾತ್ರ
ಯಾರ ದನಿನೂ ಕೂಡಲಿಲ್ಲ,
ನಂದೇ ದನಿ ಸಣ್ಣಗ ಮಾಡಿ ಕೊಟ್ಟೀನಿ.
"ನಮ್ಮ ಕಾಗಿಣಾದಾಗೂ ಇವು ಅವ ಏನು?"
"ಇದ್ದಿರಬೇಕು," ಅಂತೀನಿ. ನಾ ನೋಡಿಲ್ಲ.

ಆ ತಾಯಿ, ಮೀನು ಹಿಡಿಲಾಕ ಹೋಗುವಾಗ
ಮರಿ ತೇಲಿ ಹೋಗಬಾರದಂತ
ಪಾಚಿ ಬಳ್ಳಿ ಸುತ್ತತಾಳ ಅದಕ್ಕ,
ಒಂದು ಸುತ್ತು, ಎರಡು ಸುತ್ತು, ಗಂಟು.
ಮತ್ತ ಏನೋ ಒಂದು ಅಂತಾಳ.
"ಬರ್ತೀನಿ" ಅಂತ ಅನ್ನಿಸೀನಿ ನಾ.

ಅಷ್ಟೇ. ಆಮ್ಯಾಲ ಬರಲ್ಲ ಆಕಿ.
ನೀರು ಕಪ್ಪಾಗ್ತದ, ಪಿಟೀಲು ಬಾರಸ್ತದ,
ಮರಿ ಬಳ್ಳಿಯೊಳಗ ತೂಗ್ತಾ ಇರತದ.
"ಎಲ್ಲಿಗೆ ಹೋದಳು ಅಪ್ಪಾ?"
"ಸೋಲಾಪುರಕ್ಕ," ಅಂದೆ,
"ದೊಡ್ಡ ದವಾಖಾನಿಗೆ."
ನಾಲಿಗಿಗೆ ರೂಢಿ ಆಗಿತ್ತು ಆ ಮಾತು.
ಎಂಟು ತಿಂಗಳಿಂದ ಮನಿ ಮಂದಿಯೆಲ್ಲಾ
ಅದನ್ನೇ ಹೇಳಕೋತ ಬಂದೀವಿ.

ಭಾಗು ಏನೂ ಅನ್ನಲಿಲ್ಲ.
ಫರಸಿ ಸಂದಿನಾಗಿನ ಸಿಮೆಂಟು
ಬೆರಳಿಲೆ ಕೆರೆದಳು ಸ್ವಲ್ಪ ಹೊತ್ತು.
ಆಮ್ಯಾಲ, ನನ್ನ ಕಡಿ ನೋಡಲಾರದೇ:
"ಸಮುದ್ರದಾಗ ಸೋಲಾಪುರ ಎಲ್ಲದ?"

ದಿನಾ ರಾತ್ರಿ ಅದೇ ಸಿನೆಮಾ.
ನಮ್ಮ ಅಕ್ಕ ಬೈತಾಳ: "ಕೂಸಿಗೆ ಅಳೋವಂಥದ್ದು
ಯಾಕ ತೋರಸ್ತಿ, ನಗೋದು ಹಚ್ಚು."
ಖರೇ ಹೇಳಬೇಕಂದ್ರ ಅಳೋದು ಕೂಸಲ್ಲ.
ಆ ಗಂಟಿನ ಹೊತ್ತಿಗೆ
ನಾ ನೀರು ಕುಡಿಲಾಕ ಏಳ್ತೀನಿ.
ತುಂಬಿದ ಚರಿಗಿ ಫೋನಿನ ಹಿಂದೇ ಇರತದ.

ಈ ಕತಿ ಕಟ್ಟಿದಾಂವ ಯಾರಿರಬೇಕು?
ಸಣ್ಣ ಕೂಸುಗಳ ಮುಂದ, ಇಷ್ಟು ಬಣ್ಣ ಹಚ್ಚಿ
ಇಂಥಾ ಮಾತು ಹೇಳಲಾಕ ಎಂಥಾ ಎದಿ ಬೇಕು.
ಮಣ್ಣಿಗೆ ಬಂದಿದ್ದ ದೊಡ್ಡವರು
ನಮ್ಮ ಅಂಗಳದಾಗ ಹಿಡೀಲಿಲ್ಲ ಅವತ್ತು,
ಒಬ್ಬರಿಗೂ ಆಗಲಿಲ್ಲ.

ಮಹಾನಂದಾನೂ ಹಂಗೇ ಅಂದಿದ್ದಳು.
ಆಂಬುಲೆನ್ಸಿನ ಬಾಗಲಾ ಹಾಕೋ ಮುಂದ,
ಮೂಗಿನ ಪೈಪು ಒಂದು ಕಡಿ ಸರಿಸಿ,
ಭಾಗುನ ಫ್ರಾಕಿನ ಹಿಂದಿನ ಲಾಡಿ
ಬಿಚ್ಚಿ, ಬಿಗಿ ಮಾಡಿ ಕಟ್ಟಿ:
"ಬರ್ತೀನಿ."
ಹೋಗೋರು ಹೋಗ್ತೀನಿ ಅನ್ನಬಾರದು.
ಹೊಸ್ತಿಲದಾಗ ನಿಂತು ನಮ್ಮವ್ವ ಕಲಿಸಿದ್ದು,
ಗಿರಣಿಗೆ ಜ್ವಾಳ ಬೀಸಲಾಕ ಹೋಗೋರೂ
ಬರ್ತೀನಿ ಅಂತಲೇ ಹೋಗಬೇಕು.

ನಿನ್ನೆ, ತಾಯಿ ಗಂಟು ಹಾಕೋ ಹೊತ್ತಿಗೆ
ಭಾಗು ಸಿನೆಮಾ ನಿಲ್ಲಿಸಿದಳು.
ನೀರುನಾಯಿ ಬಾಯಿ ಅರ್ಧ ತೆರದದ.
"ಅಪ್ಪಾ, ಈ ಸಲ ಆಕಿ ಕಡಿಂದ
ಹೋಗ್ತೀನಿ ಅನ್ನಸು.
ಬರ್ತೀನಿ ಅಂದ್ರ ಪಾಪ, ಅದು ಕಾಯ್ತದ."

ಒತ್ತಿದಳು. ತುಟಿ ಅಲ್ಲಾಡಿತು.
ನನ್ನ ಬಾಯಿ ತುಂಬಾ ಕಲ್ಲಿನ ಹಿಟ್ಟು.
ಹಿಂದಕ್ಕ ತಂದಳು, ಮತ್ತ ಒತ್ತಿದಳು.
"ಹೋಗ್ತೀನಿ, ಭಾಗೂ."

ಹೆಸರು ತಪ್ಪಿ ಬಂತು. ಮರಿ ಹೆಸರು ಬ್ಯಾರೆ.
ಆಕಿ ತಿದ್ದಲಿಲ್ಲ.
ಗದ್ದ ಕೈ ಮ್ಯಾಲ ಊರಿ ನೋಡಿದಳು
ನೀರು ಕಪ್ಪಾಗೋ ತನಕ,
ಪಿಟೀಲು ಮುಗಿಯೋ ತನಕ.
ಆಮ್ಯಾಲ ಏಡಿ ಬಂತು, ಅಡ್ಡಡ್ಡ ನಡಕೋತ.
"ಮುಕಾದಮ ಬಂದ ಅಪ್ಪಾ,
ಮಾತಾಡು, ಮಾತಾಡು."