ಹದಿನಾಲ್ಕನೇ ಕಾಲಂ

ಹದಿನೇಳು ಕಾಲಮಿನ ಫಾರಂ. ಹದಿಮೂರು ತುಂಬಿಸಿಯಾಯಿತು.
ಯೋಧನ ನಂಬರು, ರ‍್ಯಾಂಕು, ಯುನಿಟ್ಟು.
ಅವಲಂಬಿತೆಯ ಹೆಸರು: ಲಿಖಿತಾ.
ವಯಸ್ಸು: ಎರಡು ವರ್ಷ ಎಂಟು ತಿಂಗಳು.
ಕಾಯಿಲೆ: ಎರಡೂ ಕಿವಿ, ಹುಟ್ಟಿನಿಂದ.
ಹದಿನಾಲ್ಕನೆಯದರಲ್ಲಿ ಪೆನ್ನು ನಿಂತಿದೆ:
ಮನೆಯಲ್ಲಿ ಮಗುವಿನೊಡನೆ ಆಡುವ ಭಾಷೆ. ಒಂದನ್ನು ಮಾತ್ರ ಬರೆಯಿರಿ.

ಒಂದನ್ನು ಮಾತ್ರ!
ಮುಳ್ಳೇರಿಯದ ಈ ಮನೆಯಲ್ಲಿ ಕೂತು!
ಅತ್ತೆ ಹಸುವಿಗೆ ಬೈಯುವುದು ತುಳುವಿನಲ್ಲಿ,
ದೇವರಿಗೆ ದೂರು ಕೊಡುವುದು ಕನ್ನಡದಲ್ಲಿ,
ಮೀನು ತರುವ ಮೊಯ್ದುವಿನೊಡನೆ ಚೌಕಾಸಿ ಮಲಯಾಳದಲ್ಲಿ.
ಬಂಗುಡೆಗೆ ಇಪ್ಪತ್ತು ರೂಪಾಯಿ ಇಳಿಸಿದನೆಂದರೆ
ಮೂರನ್ನೂ ಬೆರೆಸಿ ನಗುತ್ತಾರೆ.
ನಾನು ಕನ್ನಡ ಶಾಲೆಯವಳು. ರೇಷನ್ ಕಾರ್ಡಿನಲ್ಲಿ ನನ್ನ ಹೆಸರು
ಇನ್ನೊಂದು ಲಿಪಿಗೆ ಹೊರಳಿ ಬೇರೆ ಯಾರದೋ ಆಗಿದೆ.
ಬಸ್ಸನ್ನು ಬೋರ್ಡಿನಿಂದಲ್ಲ, ಬಣ್ಣದಿಂದ ಓದಿ ಬೆಳೆದೆ.

ಲಿಖಿತಾಳಿಗೆ ಇದೆಲ್ಲ ಒಂದೇ:
ತುಟಿ ಅಲ್ಲಾಡುತ್ತದೆ, ಕೊನೆಗೆ ಯಾರೋ ನಗುತ್ತಾರೆ.

ಉದಯಚಂದ್ರರ ಪೋಸ್ಟಿಂಗ್ ಆರ್ಡರ್ ಬರಲು ಹನ್ನೊಂದು ತಿಂಗಳು.
ಅಷ್ಟರಲ್ಲಿ ಮೂರು ಅರ್ಜಿ, ಎರಡು ಸಲ ಮೆಡಿಕಲ್ ಬೋರ್ಡು,
ತವಾಂಗಿನಿಂದ ತಡರಾತ್ರಿ ತುಂಡುತುಂಡಾಗಿ ಬರುವ ಫೋನು:
"ಸಾಹೇಬರು ಒಪ್ಪಿ... ಪುಣೆಗೆ... ಕ್ವಾರ್ಟರ್ಸು ಸಿಗ..."
ಸಿಗುತ್ತದೆಯೋ ಸಿಗುವುದಿಲ್ಲವೋ.
ಅರ್ಧ ಕೇಳಿ ಪೂರ್ತಿ ಊಹಿಸುವುದನ್ನು
ನಾನೂ ಕಲಿತಿದ್ದೇನೆ, ಮಗಳ ಹಾಗೆ.

ಪುಣೆಯ ಸೇನಾ ಆಸ್ಪತ್ರೆಯಲ್ಲಿ ಕಿವಿಯ ಹಿಂದೆ ಯಂತ್ರ ಕೂರಿಸುತ್ತಾರೆ.
ಕೂರಿಸುವುದು ಒಂದು ಬೆಳಗಿನ ಕೆಲಸ,
ಕೇಳಲು ಕಲಿಸುವುದು ಮೂರು ವರ್ಷದ್ದು,
ಅಂದರು ಡಾಕ್ಟರಮ್ಮ, ವಿಡಿಯೋದಲ್ಲಿ.
ಕಲಿಸುವವರು ಇಬ್ಬರು. ಒಬ್ಬರಿಗೆ ಮರಾಠಿ, ಒಬ್ಬರಿಗೆ ಹಿಂದಿ.
ಮನೆಯಲ್ಲೂ ಅದನ್ನೇ ಆಡಿ, ಕಲಸಬೇಡಿ, ಮಗು ಗಲಿಬಿಲಿಯಾಗುತ್ತದೆ.
ಹೂಂ ಅಂದೆ.
"ಜೀ" ಅನ್ನಬೇಕಿತ್ತು.

ಈಗ ಮಧ್ಯಾಹ್ನ ಮುಸುರೆ ತಿಕ್ಕುತ್ತ ಬಾಯಿಪಾಠ:
ಪಾನೀ. ದೂಧ್. ಇಧರ್ ಆಓ.
ಒಗ್ಗರಣೆ ಚಟಪಟ ಅಂದದ್ದಕ್ಕೆ ಅಲ್ಲಿ ಏನನ್ನುತ್ತಾರೋ ತಿಳಿಯದು.
ಬಂಗಾರಿ ಅನ್ನುವುದಕ್ಕೆ ಇದೆಯಂತೆ ಶಬ್ದ;
ನನ್ನ ನಾಲಗೆಯ ಮೇಲೆ ಅದು
ಎರವಲು ರೇಷ್ಮೆ ಸೀರೆ, ಎಲ್ಲಿ ಸಿಕ್ಕಿಸಿದರೂ ಜಾರುತ್ತದೆ.

ಕರಿ ಟ್ರಂಕು ಅಟ್ಟದಿಂದ ಇಳಿದಿದೆ.
ಬೆಳಗ್ಗೆ ನಾನೇ ಹೊಸ ಬಿಳಿ ಪೇಂಟು ಹಚ್ಚಿ ಅವರ ನಂಬರು ಬರೆದೆ, ಪುಣೆ ಅಂತ ಬರೆದೆ.
ಅದರಡಿ ಜೋಧಪುರ, ಅದರಡಿ ಬಾರಾಮುಲ್ಲಾ,
ಅದರಡಿ ಓದಲಾಗದ ಒಂದು ಊರು.
ಹಪ್ಪಳದ ಕಟ್ಟು ತುರುಕುತ್ತ ಅತ್ತೆ ಕೇಳಿದರು, ತುಳುವಿನಲ್ಲಿ, ತಲೆಯೆತ್ತದೆ:
"ಮೂರು ವರ್ಷ ಕಳೆದು ಬಂದಾಗ ನಾನು ಕರೆದರೆ ಇವಳಿಗೆ ತಿಳಿದೀತಾ?"
ನಾನು ಚಿಲಕದ ತುಕ್ಕು ಉಜ್ಜುತ್ತಿದ್ದೆ.

ಅವರು ಕರೆಯುವ ಕ್ರಮವೇ ಬೇರೆ.
ಜಗಲಿಯ ಹಲಸಿನ ಬೆಂಚಿನ ಒಂದು ತುದಿಗೆ ಮುಷ್ಟಿಯಿಂದ ಎರಡು ಗುದ್ದು,
ಇನ್ನೊಂದು ತುದಿಯಲ್ಲಿ ಕೂತ ಮಗು ತಿರುಗುತ್ತದೆ,
ತನ್ನ ಮೂಗನ್ನು ಚಿವುಟಿ ತೋರಿಸುತ್ತದೆ:
ಅಜ್ಜಿಯ ಮೂಗುಬೊಟ್ಟು. ಅದೇ ಅಜ್ಜಿಗೆ ಇವಳಿಟ್ಟ ಹೆಸರು.
ಇದನ್ನು ಯಾವ ಡಾಕ್ಟರೂ ಕಲಿಸಿಲ್ಲ.
ಬೆಂಚು ಏಳಡಿ ಉದ್ದ. ಟ್ರಂಕಿಗೆ ಹಿಡಿಯುವುದಿಲ್ಲ.

ಸಂಜೆ ಹದಿನಾಲ್ಕನೆಯದರಲ್ಲಿ ಹಿಂದಿ ಎಂದು ಬರೆದೆ.
ಬರೆದದ್ದು ಕನ್ನಡ ಅಕ್ಷರದಲ್ಲಿ ಎಂದು
ಲಕೋಟೆ ಅಂಟಿಸಿದ ಮೇಲೆ ನೆನಪಾಯಿತು.
ಬಿಚ್ಚಲಿಲ್ಲ.

ಹೊರಗೆ ಬಂದರೆ ಲಿಖಿತಾ
ಟ್ರಂಕಿನ ಬದಿಗೆ ಕೆನ್ನೆಯಾನಿಸಿ ಕಣ್ಣು ಮುಚ್ಚಿದ್ದಾಳೆ;
ಆಚೆ ಬದಿಯಿಂದ ಅತ್ತೆ ತಗಡನ್ನು ತಟ್ಟುತ್ತಿದ್ದಾರೆ, ಮೆಲ್ಲಗೆ, ಬಿಟ್ಟುಬಿಟ್ಟು.
ಪೇಂಟು ಇನ್ನೂ ಹಸಿ.
ಅಪ್ಪನ ನಂಬರಿನ ಮೂರು ಅಂಕಿ ತಿರುಗುಮುರುಗಾಗಿ ಅವಳ ಕೆನ್ನೆಗಂಟಿವೆ.
ಮನೆಯಲ್ಲಿ ಒಂದು ತೊಟ್ಟು ಸೀಮೆಎಣ್ಣೆ ಇದೆಯೋ ಇಲ್ಲವೋ,
ನೋಡಬೇಕು.